ಪ್ರವಾಸದ ಗ್ಯಾಸ್ ಒಲೆ, ಕಾವಲಿ ಮತ್ತು ಗ್ರಿಲ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ವ್ಯಾನನ್ನೇ ಚಿಕ್ಕ ಮನೆಯಂತೆ ಮಾರ್ಪಡಿಸಿಕೊಂಡೋ, ಕಾರಿನ ಡಿಕ್ಕಿಯಲ್ಲಿ ಟೆಂಟು, ಚಾಪೆ, ಪಾತ್ರೆಗಳನ್ನು ತುಂಬಿಕೊಂಡೋ ಶಾಂತಿಸಾಗರದ ದಂಡೆಗೆ ಅಥವಾ ವಾಣಿವಿಲಾಸ ಸಾಗರದ ಹಿನ್ನೀರಿನ ಕಡೆಗೆ ಹೊರಡುವ ದಾವಣಗೆರೆ, ಚಿತ್ರದುರ್ಗದ ಕುಟುಂಬಗಳಿಗೆ ಮಲಗುವ ವ್ಯವಸ್ಥೆಗಿಂತ ಅಡುಗೆಯ ವ್ಯವಸ್ಥೆಯೇ ಹೆಚ್ಚಿನ ತಲೆನೋವು. ಆನ್‌ಲೈನ್ ಮಳಿಗೆಗಳಲ್ಲಿ ಕಾಣುವ ಮಡಚುವ ಗ್ರಿಲ್‌ಗಳು ಮತ್ತು ಸಪಾಟಾದ ಗ್ಯಾಸ್ ಕಾವಲಿಗಳು ಬಹುಮಟ್ಟಿಗೆ ಅಮೆರಿಕದ ಕ್ಯಾರವಾನ್ ಪ್ರವಾಸಿಗರಿಗಾಗಿ, ಅಲ್ಲಿನ ಪ್ರೊಪೇನ್ ಸಿಲಿಂಡರಿಗೂ ಅಲ್ಲಿನ ಮಾಂಸದಡುಗೆಗೂ ಹೊಂದುವಂತೆ ರೂಪುಗೊಂಡವು. ಡಬ್ಬಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬಿಟಿಯು ಎಂಬ, ಒಲೆ ಗಂಟೆಗೆ ಕೊಡುವ ಶಾಖವನ್ನು ಹೇಳುವ ಅಂಕಿ ಇರುತ್ತದೆ. ಕೊಳ್ಳುವವರು ಆ ಅಂಕಿ ದೊಡ್ಡದಿದ್ದಷ್ಟೂ ಒಲೆ ಒಳ್ಳೆಯದೆಂದು ಭಾವಿಸುತ್ತಾರೆ. ಆದರೆ ದೋಸೆ ಬೇಯುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆ ಶಾಖ ಎಷ್ಟು ಅಗಲದ ಕಬ್ಬಿಣಕ್ಕೆ ಹಂಚಿಹೋಗುತ್ತದೆ, ಗಾಳಿ ಅದರಲ್ಲಿ ಎಷ್ಟನ್ನು ಕಸಿದುಕೊಳ್ಳುತ್ತದೆ ಮತ್ತು ನಮ್ಮ ಸಿಲಿಂಡರಿನ ಅನಿಲ ಆ ಒಲೆಗೆ ಸರಿಯಾದ ಒತ್ತಡದಲ್ಲಿ ತಲುಪುತ್ತದೆಯೇ ಎಂಬುದು.

ಗ್ಯಾಸಿನ ಬದಲು ಬ್ಯಾಟರಿಯಿಂದ ಇಂಡಕ್ಷನ್ ಒಲೆ ಉರಿಸಬಾರದೇ ಎಂದು ಕೇಳುವವರಿದ್ದಾರೆ. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅಡಗಿರುವುದು ಸುಮಾರು 2.4 ಯೂನಿಟ್ ವಿದ್ಯುತ್. ಎರಡು ಕಿಲೋವ್ಯಾಟಿನ ಇಂಡಕ್ಷನ್ ಒಲೆ ಅದನ್ನು ಒಂದು ಗಂಟೆ ಹನ್ನೆರಡು ನಿಮಿಷದಲ್ಲಿ ಮುಗಿಸುತ್ತದೆ. ಒಂದು ಕಿಲೋ ಎಲ್‌ಪಿಜಿ ಉರಿದಾಗ ಹೊರಬರುವ ಶಾಖ ಸುಮಾರು 12.8 ಯೂನಿಟ್, ಅಂದರೆ ಐದು ಕಿಲೋದ ಒಂದು ಚಿಕ್ಕ ಸಿಲಿಂಡರಿನಲ್ಲಿ 64 ಯೂನಿಟ್. ಗ್ಯಾಸಿನ ಶಾಖದಲ್ಲಿ ಅರ್ಧ ಗಾಳಿಗೆ ಹೋಯಿತೆಂದುಕೊಂಡರೂ ಹೋಲಿಕೆಗೆ ಅವಕಾಶವಿಲ್ಲ. ವಾಹನದೊಳಗೆ ಚಹಾ ಕಾಸಲು ಇಂಡಕ್ಷನ್ ಉತ್ತಮವೇ ಹೌದು. ನಾಲ್ಕಾರು ಮಂದಿಗೆ ಹೊಟ್ಟೆ ತುಂಬ ಮಾಡಿ ಹಾಕಲು ಗ್ಯಾಸೇ ಬೇಕು.

ಶಾಖದ ಅಂಕಿಯ ಒಳಗೇನಿದೆ

ಗಂಟೆಗೆ 3,412 ಬಿಟಿಯು ಎಂದರೆ ಒಂದು ಕಿಲೋವ್ಯಾಟ್. ಅಮೆರಿಕದ ಕ್ಯಾರವಾನ್ ಪ್ರವಾಸಿಗರಿಗೆ ಚಿರಪರಿಚಿತವಾದ ಎರಡು ಗ್ರಿಲ್‌ಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ವೆಬರ್ ಕ್ಯೂ 1200 ಎಂಬುದರ ಶಕ್ತಿ 8,500 ಬಿಟಿಯು, ಬೇಯಿಸುವ ಜಾಗ 189 ಚದರ ಅಂಗುಲ. ಕೋಲ್‌ಮನ್ ರೋಡ್‌ಟ್ರಿಪ್ 285 ಎಂಬುದರ ಶಕ್ತಿ 20,000 ಬಿಟಿಯು, ಜಾಗ 285 ಚದರ ಅಂಗುಲ. ನಮ್ಮ ಅಳತೆಗೆ ತಿರುಗಿಸಿದರೆ ಮೊದಲನೆಯದು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2 ವ್ಯಾಟ್ ಕೊಡುತ್ತದೆ, ಎರಡನೆಯದು 3.2 ವ್ಯಾಟ್. ವೆಬರ್ ಕಂಪನಿಯ ಗ್ರಿಲ್ ಕಡಿಮೆ ದರ್ಜೆಯದೆಂದು ಇದರ ಅರ್ಥವಲ್ಲ. ಮುಚ್ಚಳ ಹಾಕಿ ಬಿಸಿಗಾಳಿಯನ್ನು ಒಳಗೇ ಹಿಡಿದಿಟ್ಟು ಮಾಂಸ ಬೇಯಿಸುವ ವಿಧಾನಕ್ಕೆ ಅಷ್ಟು ಶಾಖ ಧಾರಾಳವಾಗಿ ಸಾಕು. ಮುಚ್ಚಳವಿಲ್ಲದೆ, ಬಯಲಿನಲ್ಲಿ, ಹಸಿ ಹಿಟ್ಟನ್ನು ಎರಡು ನಿಮಿಷದಲ್ಲಿ ಕೆಂಪಗೆ ಮಾಡಬೇಕಾದಾಗ ಲೆಕ್ಕ ಬೇರೆಯಾಗುತ್ತದೆ.

ದೋಸೆಯ ಲೆಕ್ಕವನ್ನು ಒಮ್ಮೆ ಹಾಕಿಯೇ ನೋಡೋಣ. ನೂರು ಗ್ರಾಂ ಹಿಟ್ಟನ್ನು 28 ಸೆಂಟಿಮೀಟರ್ ಅಗಲಕ್ಕೆ ಎಳೆದರೆ ಅದು ಆಕ್ರಮಿಸುವ ಜಾಗ ಸುಮಾರು 615 ಚದರ ಸೆಂಟಿಮೀಟರ್. ಬೇಯುವಾಗ ಅದರಿಂದ ಸುಮಾರು 35 ಗ್ರಾಂ ನೀರು ಆವಿಯಾಗಿ ಹೋಗುತ್ತದೆಂದು ಇಟ್ಟುಕೊಳ್ಳಬಹುದು. ನೀರು ಆವಿಯಾಗಲು ಪ್ರತಿ ಗ್ರಾಮಿಗೆ 2.26 ಕಿಲೋಜೌಲ್ ಬೇಕು, ಹಾಗಾಗಿ ಆವಿಗೇ ಎಂಬತ್ತರ ಹತ್ತಿರ, ಹಿಟ್ಟು ಬಿಸಿಯಾಗಲು ಇನ್ನೊಂದಿಷ್ಟು, ಒಟ್ಟಿನಲ್ಲಿ ಒಂದು ದೋಸೆ ಸುಮಾರು 100 ಕಿಲೋಜೌಲ್ ಶಾಖವನ್ನು ಕಾವಲಿಯಿಂದ ಎಳೆದುಕೊಳ್ಳುತ್ತದೆ. ಎರಡು ನಿಮಿಷದಲ್ಲಿ ಇದು ನಡೆಯಬೇಕಾದರೆ ದೋಸೆಯೊಳಕ್ಕೆ 0.8 ಕಿಲೋವ್ಯಾಟ್ ನಿರಂತರವಾಗಿ ಹರಿಯಬೇಕು. ಉರಿಯ ಅರ್ಧ ಶಾಖ ಮಾತ್ರ ಕಬ್ಬಿಣಕ್ಕೆ ದಕ್ಕುವುದರಿಂದ ಬರ್ನರ್ 1.7 ಕಿಲೋವ್ಯಾಟಿನದಾಗಿರಬೇಕು, ಅಂದರೆ ಚದರ ಸೆಂಟಿಮೀಟರಿಗೆ 2.7 ವ್ಯಾಟ್. ಹಿಟ್ಟಿನ ತೆಳುವು, ಕಾವಲಿಯ ದಪ್ಪ, ಮಾಡುವವರ ಕೈಚಳಕ ಇವುಗಳಿಂದ ಈ ಅಂಕಿ ಆಚೀಚೆಯಾಗುವುದು ಸಹಜ. ಆದರೂ ಎರಡೂವರೆ ವ್ಯಾಟಿಗಿಂತ ಕೆಳಗಿರುವ ಕಾವಲಿಯಲ್ಲಿ ಒಂದರ ಹಿಂದೆ ಒಂದು ದೋಸೆ ಹುಯ್ಯುವುದು ಕಷ್ಟ, ಮೂರರ ಆಸುಪಾಸಿನಲ್ಲಿ ಸಲೀಸು ಎಂಬ ಅಂದಾಜಿಗೆ ಇಷ್ಟು ಸಾಕು. ಡಬ್ಬಿಯ ಮೇಲಿನ ಬಿಟಿಯು ಅಂಕಿಯನ್ನು 3.4ರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಅದನ್ನು ಸೆಂಟಿಮೀಟರಿನಲ್ಲಿ ಅಳೆದ ಕಾವಲಿಯ ಉದ್ದ-ಅಗಲಗಳ ಗುಣಲಬ್ಧದಿಂದ ಭಾಗಿಸುವುದು ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ಮುಗಿಯುವ ಕೆಲಸ.

ಇದೇ ಲೆಕ್ಕ ಕಾವಲಿಯ ದಪ್ಪದ ಮಹತ್ವವನ್ನೂ ಹೇಳುತ್ತದೆ. 40 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಉಕ್ಕಿನ ಹಲಗೆಯ ತೂಕ ಸುಮಾರು 5.6 ಕಿಲೋ. ಅದರಿಂದ 100 ಕಿಲೋಜೌಲ್ ಶಾಖವನ್ನು ಒಮ್ಮೆಲೇ ತೆಗೆದರೆ ಅದರ ಉಷ್ಣತೆ 38 ಡಿಗ್ರಿಯಷ್ಟು ಇಳಿಯುತ್ತದೆ. ದಪ್ಪ 3 ಮಿಲಿಮೀಟರ್ ಆದರೆ ಇಳಿಕೆ 75 ಡಿಗ್ರಿ. ಕೆಳಗಿನ ಉರಿ ಇಳಿದ ಶಾಖವನ್ನು ತುಂಬುತ್ತಲೇ ಇರುತ್ತದಾದರೂ ತೆಳುವಾದ ಹಲಗೆಯಲ್ಲಿ ಮೊದಲನೆಯ ದೋಸೆ ಕೆಂಪಾಗಿ, ಎರಡನೆಯದು ಪೇಲವವಾಗಿ, ಮೂರನೆಯದು ಅಂಟಿಕೊಂಡು ಏಳುವುದಕ್ಕೆ ಕಾರಣ ಇದೇ. ದಾವಣಗೆರೆಯ ಬೆಣ್ಣೆದೋಸೆ ಹೋಟೆಲುಗಳಲ್ಲಿ ಸೌದೆ ಒಲೆಯ ಮೇಲೆ ದಪ್ಪನೆಯ ಕಬ್ಬಿಣದ ಕಾವಲಿ ಕುಳಿತಿರುವುದು ಹಳೆಯ ರೂಢಿ ಎಂಬ ಕಾರಣಕ್ಕಷ್ಟೇ ಅಲ್ಲ. ಉರಿ ಏರಿಳಿದರೂ ಕಾವಲಿ ತನ್ನ ಕಾವನ್ನು ಬಿಟ್ಟುಕೊಡುವುದಿಲ್ಲ, ಸಾಲು ಸಾಲಾಗಿ ಹುಯ್ದ ದೋಸೆಗಳೆಲ್ಲ ಒಂದೇ ಬಣ್ಣಕ್ಕೆ ಬರುತ್ತವೆ. ದಪ್ಪಕ್ಕೆ ತೆರಬೇಕಾದ ಬೆಲೆಯೂ ಇದೆ: ಆರು ಮಿಲಿಮೀಟರಿನ ಆ ಹಲಗೆ ಎರಡು ಕಿಲೋವ್ಯಾಟಿನ ಬರ್ನರ್ ಮೇಲೆ 200 ಡಿಗ್ರಿ ಮುಟ್ಟಲು ಸುಮಾರು ಎಂಟು ನಿಮಿಷ ತೆಗೆದುಕೊಳ್ಳುತ್ತದೆ, ಇಪ್ಪತ್ತು ಗ್ರಾಂ ಗ್ಯಾಸು ಹಿಟ್ಟು ಬೀಳುವ ಮೊದಲೇ ಖರ್ಚಾಗಿರುತ್ತದೆ, ಮತ್ತು ಐದೂವರೆ ಕಿಲೋ ತೂಕವನ್ನು ವಾಹನದಲ್ಲಿ ಅಲುಗಾಡದಂತೆ ಕಟ್ಟಿಡಬೇಕು. ವಾಹನದಲ್ಲಿ ಹೋಗುವವರು ಈ ಬೆಲೆಯನ್ನು ತೆರಲು ಹಿಂಜರಿಯಬೇಕಾಗಿಲ್ಲ. ಬೆನ್ನ ಮೇಲೆ ಹೊರುವವರ ಮಾತು ಬೇರೆ.

ಲೋಹಗಳ ವಿಷಯ ಇಷ್ಟು ಉದ್ದ ಬೇಡ. ಎರಕದ ಕಬ್ಬಿಣವೂ ಸಾದಾ ಉಕ್ಕೂ ಶಾಖವನ್ನು ಹೆಚ್ಚುಕಡಿಮೆ ಒಂದೇ ರೀತಿ ಸಾಗಿಸುತ್ತವೆ, ಆದರೆ ಎರಕದ್ದು ಕೆಳಗೆ ಬಿದ್ದರೆ ಅಥವಾ ಕೆಂಡದಂತೆ ಕಾದಾಗ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಹಳ್ಳಕೊಳ್ಳದ ದಾರಿಯಲ್ಲಿ ಓಡಾಡುವವರಿಗೆ ಉಕ್ಕಿನ ಹಲಗೆಯೇ ಮೇಲು. ಸ್ಟೇನ್‌ಲೆಸ್ ಸ್ಟೀಲ್ ಶಾಖವನ್ನು ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ ಸಾಗಿಸುವುದರಿಂದ ಉರಿಯ ನೇರ ಮೇಲೆ ಸುಟ್ಟು, ಅಂಚಿನಲ್ಲಿ ಹಸಿಯಾಗಿ ಉಳಿಯುತ್ತದೆ. ಅಲ್ಯೂಮಿನಿಯಂ ಮೇಲೆ ನಾನ್‌ಸ್ಟಿಕ್ ಬಳಿದ ಹಗುರ ಹಲಗೆಗಳು ಮೊಟ್ಟೆಗೆ, ರವೆದೋಸೆಗೆ ಅನುಕೂಲವಾದರೂ ಅವುಗಳ ಲೇಪ ಸುಮಾರು 260 ಡಿಗ್ರಿ ದಾಟಿದರೆ ಕೆಡಲು ತೊಡಗಿ ಹಾನಿಕರ ಹೊಗೆ ಬಿಡುತ್ತದೆ. ಖಾಲಿ ಕಾವಲಿಯನ್ನು ದೊಡ್ಡ ಉರಿಯಲ್ಲಿ ಕಾಯಲು ಬಿಟ್ಟು ಈರುಳ್ಳಿ ಹೆಚ್ಚುತ್ತ ಕುಳಿತರೆ ಆ ಮಟ್ಟ ತಲುಪಲು ಬಹಳ ಹೊತ್ತು ಬೇಡ.

ನಮ್ಮ ಅಡುಗೆ ಏನನ್ನು ಕೇಳುತ್ತದೆ

ಗ್ರಿಲ್, ಕಾವಲಿ, ಬರ್ನರ್ ಈ ಮೂರರಲ್ಲಿ ಯಾವುದು ಎಂಬುದನ್ನು ತೀರ್ಮಾನಿಸಬೇಕಾದದ್ದು ಬ್ರಾಂಡ್ ನೋಡಿ ಅಲ್ಲ, ಊಟ ನೋಡಿ. ಸರಳುಗಳಿರುವ ಗ್ರಿಲ್ ಕೋಳಿ, ಮೀನು, ಪನೀರ್ ಮತ್ತು ನಮ್ಮ ಸೀಮೆಯ ಮೆಕ್ಕೆಜೋಳದ ಎಳೆಯ ತೆನೆಗಳಿಗೆ ಅತ್ಯುತ್ತಮ. ಅದರ ಮೇಲೆ ಹಿಟ್ಟು ನಿಲ್ಲುವುದಿಲ್ಲ, ಪಾತ್ರೆ ಸರಿಯಾಗಿ ಕೂರುವುದಿಲ್ಲ, ತೊಟ್ಟಿಕ್ಕುವ ಕೊಬ್ಬು ಬರ್ನರ್ ಮೇಲೆ ಬಿದ್ದು ಉರಿ ಭಗ್ಗನೆ ಏಳದಂತೆ ಕಾಯುತ್ತಲೇ ಇರಬೇಕು. ವಾರಾಂತ್ಯದ ಎರಡು ದಿನಗಳಲ್ಲಿ ಒಂದೇ ಹೊತ್ತು ಮಾಂಸ ಸುಡುವ ಕುಟುಂಬ ಅದಕ್ಕಾಗಿಯೇ ಹತ್ತು ಕಿಲೋದ ಪೆಟ್ಟಿಗೆಯನ್ನು ಹೊತ್ತೊಯ್ಯುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಸಪಾಟು ಕಾವಲಿ ದೋಸೆ, ಚಪಾತಿ, ಅಕ್ಕಿರೊಟ್ಟಿ, ಮೊಟ್ಟೆ, ಹುರಿದ ತರಕಾರಿಗಳನ್ನು ಒಟ್ಟಿಗೆ ನಿಭಾಯಿಸುತ್ತದೆ. ಜೋಳದ ರೊಟ್ಟಿಗೆ ಮಾತ್ರ ತೆಳುವಾದ, ಚುರುಕಾಗಿ ಕಾಯುವ ಹಂಚೂ ಕೊನೆಗೆ ಉಬ್ಬಿಸಲು ನೇರ ಉರಿಯೂ ಬೇಕು. ಬರ್ನರ್‌ಗಳನ್ನು ಪೂರ್ತಿ ಮುಚ್ಚಿಬಿಡುವ ಗ್ಯಾಸ್ ಕಾವಲಿಯಲ್ಲಿ ಆ ನೇರ ಉರಿ ಸಿಗುವುದಿಲ್ಲ.

ಇನ್ನು ಚಿತ್ರದುರ್ಗದ ಮನೆಗಳ ರಾಗಿಮುದ್ದೆ. ಅದಕ್ಕೆ ಬೇಕಾದದ್ದು ಪಾತ್ರೆ ಕೂರುವ ಬರ್ನರ್, ಮತ್ತು ಅದಕ್ಕಿಂತ ಮುಖ್ಯವಾಗಿ ಅಲುಗಾಡದ ಒಲೆ. ಕುದಿಯುವ ಎಸರಿಗೆ ಹಿಟ್ಟು ಹಾಕಿ ಮುದ್ದೆಕೋಲಿನಿಂದ ಒತ್ತಿ ತಿರುವುವಾಗ ಒಲೆಯ ಮೇಲೆ ಬೀಳುವುದು ಕೆಳಮುಖದ ಭಾರವೊಂದೇ ಅಲ್ಲ, ಪಕ್ಕಕ್ಕೆ ತಳ್ಳುವ ಬಲವೂ ಬೀಳುತ್ತದೆ. ಮೂರು ಸಣ್ಣ ಕಾಲುಗಳ ಮೇಲೆ ನಿಂತು ಕೆಳಗೆ ಗ್ಯಾಸ್ ಡಬ್ಬಿ ತಿರುಗಿಸಿಕೊಳ್ಳುವ ಚಾರಣದ ಒಲೆಗಳನ್ನು ಇದಕ್ಕಾಗಿ ರೂಪಿಸಿಲ್ಲ. ಕತ್ತರಿಯಾಕಾರದ ಕಾಲುಗಳಿರುವ ಎತ್ತರದ ಸ್ಟ್ಯಾಂಡಿನ ಮೇಲೂ ಈ ಕೆಲಸ ಸುರಕ್ಷಿತವಲ್ಲ. ಅಂಗಡಿಯಲ್ಲಿ ಒಲೆಯ ಮೇಲೆ ನೀರು ತುಂಬಿದ ಪಾತ್ರೆ ಇರಿಸಿ ಅಂಚನ್ನು ಕೈಯಿಂದ ಪಕ್ಕಕ್ಕೆ ದೂಡಿ ನೋಡಬೇಕು. ಮಾರುವವರು ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗುವುದು ಲೇಸು. ಮೆಣಸಿನಕಾಯಿ ಕರಿಯುವ ಆಸೆಯೂ ಇದೇ ಪರೀಕ್ಷೆಗೆ ಒಳಪಡಬೇಕು. ಮಂಡಕ್ಕಿಯ ಜೊತೆ ಬಿಸಿ ಮಿರ್ಚಿ ಇಲ್ಲದ ಸಂಜೆ ದಾವಣಗೆರೆಯವರಿಗೆ ಅಪೂರ್ಣವೆನಿಸಬಹುದು, ಆದರೆ ಅಲುಗುವ ಒಲೆಯ ಮೇಲೆ ಕಾದ ಎಣ್ಣೆಯ ಬಾಣಲೆ ಇಡುವುದಕ್ಕಿಂತ ಹೆದ್ದಾರಿಯ ಬದಿಯ ಅಂಗಡಿಯಲ್ಲಿ ಕಟ್ಟಿಸಿಕೊಂಡು ಹೋಗುವುದೇ ವಿವೇಕ.

ಈ ಕಾರಣಗಳಿಂದ, ಎರಡರಿಂದ ಐದು ಮಂದಿಯ ಕುಟುಂಬಕ್ಕೆ ನಾನು ಸೂಚಿಸುವುದು ಪ್ರತ್ಯೇಕ ಗ್ಯಾಸ್ ಕಾವಲಿಯನ್ನಲ್ಲ. ತಗ್ಗಾದ, ಅಗಲ ತಳದ ಎರಡು ಬರ್ನರ್‌ಗಳ ಒಲೆ, ಮತ್ತು ಅದರ ಮೇಲೆ ಬೇಕಾದಾಗ ಇಟ್ಟುಕೊಳ್ಳುವ 4ರಿಂದ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಕಾವಲಿ. ಒಂದು ಬರ್ನರಿನಲ್ಲಿ ಮುದ್ದೆ ಅಥವಾ ಸಾರು, ಇನ್ನೊಂದರಲ್ಲಿ ದುಂಡು ಕಾವಲಿ. ಎಂಟು-ಹತ್ತು ಮಂದಿ ಸೇರಿ ಹೋಗುವ ಬಳಗಕ್ಕೆ ಮಾತ್ರ ಕೆಳಗೆ ಉದ್ದನೆಯ ಬರ್ನರ್‌ಗಳಿರುವ ಆಯತಾಕಾರದ ಗ್ಯಾಸ್ ಕಾವಲಿ ತನ್ನ ತೂಕಕ್ಕೆ ತಕ್ಕ ಕೆಲಸ ಕೊಡುತ್ತದೆ. ಅದನ್ನು ಕೊಳ್ಳುವವರು ಬರ್ನರಿನ ಆಕಾರವನ್ನು ಬಗ್ಗಿ ನೋಡಬೇಕು: ದುಂಡು ಬರ್ನರ್ ಆಯತದ ಮೂಲೆಗಳನ್ನು ತಲುಪುವುದಿಲ್ಲ. ಕಾಲುಗಳ ಎತ್ತರ ಹೊಂದಿಸುವ ತಿರುಪು ಇರಬೇಕು, ಇಲ್ಲವಾದರೆ ಇಳಿಜಾರಿನ ನೆಲದಲ್ಲಿ ಬೆಣ್ಣೆಯೆಲ್ಲ ಒಂದೇ ಮೂಲೆಗೆ ಹರಿದು ಅಲ್ಲಿಯೇ ಹೊತ್ತುತ್ತದೆ. ಎಣ್ಣೆ ಇಳಿದು ಸೇರುವ ತಟ್ಟೆ ಬರ್ನರಿನಿಂದಲೂ ಗ್ಯಾಸ್ ಪೈಪಿನಿಂದಲೂ ದೂರವಿರಬೇಕು.

ಗಾಳಿ

ಜೋಗಿಮಟ್ಟಿಯ ಸುತ್ತಲಿನ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದನ್ನು ನೋಡಿದವರಿಗೆ ಈ ಸೀಮೆಯ ಗಾಳಿಯ ಬಗ್ಗೆ ಬೇರೆ ಸಾಕ್ಷಿ ಬೇಕಾಗದು. ಮುಂಗಾರಿನ ತಿಂಗಳುಗಳಲ್ಲಿ ಬಯಲಿನಲ್ಲಿ ಇಟ್ಟ ಒಲೆಯ ಉರಿ ಪಾತ್ರೆಯ ತಳವನ್ನು ಬಿಟ್ಟು ಪಕ್ಕಕ್ಕೆ ಬಾಗುತ್ತದೆ, ಬಿಸಿ ಅನಿಲ ಕಬ್ಬಿಣವನ್ನು ಮುಟ್ಟುವ ಮೊದಲೇ ಚದುರಿಹೋಗುತ್ತದೆ, ಮತ್ತು ಮೇಲೆ ಹಾಕಿದ ಅಂದಾಜಿನಲ್ಲಿ ಕಬ್ಬಿಣಕ್ಕೆ ದಕ್ಕುತ್ತದೆಂದ ಅರ್ಧ ಪಾಲೂ ಉಳಿಯುವುದಿಲ್ಲ. ದೊಡ್ಡ ಬಿಟಿಯು ಅಂಕಿ ಇದನ್ನು ಸರಿದೂಗಿಸುತ್ತದೆಂದು ನಂಬುವುದು ಗ್ಯಾಸನ್ನು ಸುರಿಯುವುದಕ್ಕೆ ಸಮ. ಬರ್ನರ್ ಒಲೆಯ ಮೈಯೊಳಗೆ ತಗ್ಗಿನಲ್ಲಿ ಕುಳಿತಿರಬೇಕು, ಮೂರು ಬದಿಗೆ ತಗಡಿನ ತಡೆ ಇರಬೇಕು, ಒಲೆಯನ್ನು ವಾಹನದ ಗಾಳಿ ಬೀಸದ ಮಗ್ಗುಲಿನಲ್ಲಿ, ಮೈಗೆ ಅಂಟಿಸದೆ ಇಡಬೇಕು.

ತಡೆಗೂ ಒಂದು ಮಿತಿ ಇದೆ. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು, ಬ್ಯೂಟೇನಿಗೆ 31 ಪಾಲು. ಒಲೆಯ ನಾಲ್ಕೂ ಬದಿಗೆ ಇಟ್ಟಿಗೆ, ರಟ್ಟು, ತಗಡು ಒಟ್ಟಿದರೆ ಗಾಳಿ ಸಾಲದೆ ಉರಿ ಹಳದಿಯಾಗಿ, ಪಾತ್ರೆಗೆ ಮಸಿ ಹತ್ತಿ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷಾನಿಲ ಉಂಟಾಗುತ್ತದೆ. ಅಗಲವಾದ ತಣ್ಣನೆಯ ಹಲಗೆಗೆ ಉರಿಯ ತುದಿ ಬಡಿದು ಅರ್ಧಕ್ಕೇ ಆರುವುದರಿಂದ ಗ್ಯಾಸ್ ಕಾವಲಿಗಳು ಮೊದಲ ಕೆಲವು ನಿಮಿಷ ಈ ಅನಿಲವನ್ನು ಹೆಚ್ಚಾಗಿಯೇ ಬಿಡುತ್ತವೆ. ಮಳೆ ಬಂತೆಂದು ಟೆಂಟಿನೊಳಗೆ ಅಥವಾ ಗಾಜು ಏರಿಸಿದ ವ್ಯಾನಿನೊಳಗೆ ಇವುಗಳನ್ನು ಉರಿಸುವುದು ಪ್ರಾಣಾಪಾಯ. ಅಡುಗೆ ಮುಗಿದ ಮೇಲೆ ಚಳಿಗೆಂದು ಒಳಗೆ ತಂದಿಡುವುದೂ ಅಷ್ಟೇ.

ಗಾಳಿಗೆ ಉರಿ ಆರಿಹೋದರೆ ಗ್ಯಾಸು ತಾನಾಗಿ ನಿಲ್ಲುವ ವ್ಯವಸ್ಥೆ ಇರುವ ಒಲೆಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ಯೋಗ್ಯ. ಬರ್ನರಿನ ಪಕ್ಕದಲ್ಲಿ ಪೆನ್ಸಿಲಿನ ಮೊನೆಯಂತೆ ಕಾಣುವ ತಾಮ್ರವರ್ಣದ ಕಡ್ಡಿಯೇ ಅದರ ಜೀವಾಳ. ಎರಡು ಬೇರೆ ಲೋಹಗಳ ಬೆಸುಗೆ ಉರಿಯಲ್ಲಿ ಕಾದಾಗ ಕೆಲವು ಮಿಲಿವೋಲ್ಟ್ ವಿದ್ಯುತ್ ಹುಟ್ಟಿ, ಅದು ಒಂದು ಸಣ್ಣ ವಿದ್ಯುತ್ಕಾಂತದ ಮೂಲಕ ಕವಾಟವನ್ನು ತೆರೆದು ಹಿಡಿದಿರುತ್ತದೆ. ಉರಿ ಆರಿದರೆ ಕಡ್ಡಿ ತಣಿಯುತ್ತದೆ, ಕಾಂತ ಸೋಲುತ್ತದೆ, ಕವಾಟ ಮುಚ್ಚುತ್ತದೆ. ಬ್ಯಾಟರಿ ಬೇಡ. ಹೊತ್ತಿಸುವಾಗ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕಾಗುವುದು ಆ ಕಡ್ಡಿ ಕಾಯಲೆಂದೇ, ದೋಷವೆಂದು ತಿಳಿಯಬಾರದು.

ಅನಿಲ, ಒತ್ತಡ ಮತ್ತು ಸಿಲಿಂಡರ್

ಪ್ರೊಪೇನ್ ಒಲೆ ಎಂದು ಮಾರುವುದನ್ನು ನಮ್ಮ ಎಲ್‌ಪಿಜಿಗೆ ಜೋಡಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಅನಿಲದ ಸ್ವಭಾವದಲ್ಲಿದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯುತ್ತದೆ. ಬ್ಯೂಟೇನ್ ಕುದಿಯುವುದು ಸೊನ್ನೆಯ ಹತ್ತಿರ. ಹಿಮ ಬೀಳುವ ದೇಶಗಳಲ್ಲಿ ಬ್ಯೂಟೇನ್ ಸಿಲಿಂಡರಿನಿಂದ ಏಳುವುದೇ ಇಲ್ಲವಾದ್ದರಿಂದ ಅಲ್ಲಿನ ಪ್ರವಾಸಿಗರು ಪ್ರೊಪೇನನ್ನೇ ಆರಿಸುತ್ತಾರೆ. ಭಾರತದ ಸಿಲಿಂಡರುಗಳಲ್ಲಿ ಬರುವುದು ಈ ಎರಡರ ಮಿಶ್ರಣ, ಮತ್ತು ನಮ್ಮ ಹವೆಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಶುದ್ಧ ಪ್ರೊಪೇನಿಗಾಗಿ ಹುಡುಕಾಡುವ ಅಗತ್ಯ ಇಲ್ಲಿಲ್ಲ.

ಅನಿಲಕ್ಕಿಂತ ತೊಡಕಿನ ಪ್ರಶ್ನೆ ಒತ್ತಡದ್ದು. ಒಲೆಯಲ್ಲಿ ಅನಿಲ ಚಿಮ್ಮುವ ಮೂತಿಯಾದ ಜೆಟ್ಟಿನ ರಂಧ್ರವನ್ನು ಒಂದು ನಿರ್ದಿಷ್ಟ ಒತ್ತಡಕ್ಕೆಂದೇ ಕೊರೆದಿರುತ್ತಾರೆ. ನಮ್ಮ ಮನೆಬಳಕೆಯ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡ ಕೊಡುತ್ತದೆ. ಅಮೆರಿಕದ ಕ್ಯಾರವಾನುಗಳಲ್ಲಿ ಬಳಸುವ ಒತ್ತಡ 11 ಅಂಗುಲ ನೀರಿನ ಮಟ್ಟ, ಅಂದರೆ 27 ಮಿಲಿಬಾರ್, ಇವೆರಡೂ ಹತ್ತಿರದವು. ಯುರೋಪಿನ ಕೆಲವು ಗ್ರಿಲ್‌ಗಳು ಮಾತ್ರ 50 ಮಿಲಿಬಾರಿಗೆ ಮಾಡಿದವು. ರಂಧ್ರದಿಂದ ಹೊರಡುವ ಅನಿಲದ ಪ್ರಮಾಣ ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ 50ರ ಒಲೆಯನ್ನು 30ರ ರೆಗ್ಯುಲೇಟರಿಗೆ ಹಾಕಿದರೆ ಶಕ್ತಿ ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ಅಷ್ಟು ಇಳಿದರೆ ದೋಸೆಯ ಲೆಕ್ಕ ತಪ್ಪಿತೆಂದೇ ಅರ್ಥ. ಇದನ್ನು ಸರಿಪಡಿಸಲು ಹೋಟೆಲುಗಳ ದೊಡ್ಡ ಒಲೆಗೆ ಬಳಸುವ ಹೆಚ್ಚು ಒತ್ತಡದ ರೆಗ್ಯುಲೇಟರ್ ಜೋಡಿಸುವವರಿದ್ದಾರೆ. ಅದು ಉರಿಯನ್ನು ಬರ್ನರಿನಿಂದ ಮೇಲಕ್ಕೆ ಹಾರಿಸುತ್ತದೆ, ಪೈಪಿನ ಕೀಲುಗಳು ತಡೆಯದ ಒತ್ತಡವನ್ನು ಅವುಗಳ ಮೇಲೆ ಹೇರುತ್ತದೆ.

ಕ್ಯಾರವಾನಿನ ಹೊರಮೈಯಲ್ಲಿ ಗ್ಯಾಸ್ ಹೊರಕೊಡುವ ನಳಿಗೆ ಇರುವವರಿಗೆ ಇನ್ನೊಂದು ಬಲೆ ಕಾದಿದೆ. ಅಮೆರಿಕದ ಸಾಗಿಸಬಹುದಾದ ಗ್ರಿಲ್‌ಗಳು ಸುಮಾರು 454 ಗ್ರಾಂ ಅನಿಲ ಹಿಡಿಯುವ ಚಿಕ್ಕ ಪ್ರೊಪೇನ್ ಡಬ್ಬಿಗೆ ನೇರವಾಗಿ ಹತ್ತುವಂತೆ ತಮ್ಮದೇ ರೆಗ್ಯುಲೇಟರನ್ನು ಹೊತ್ತಿರುತ್ತವೆ. ಕ್ಯಾರವಾನಿನ ನಳಿಗೆಯಿಂದ ಬರುವ ಅನಿಲವಾದರೋ ಆಗಲೇ ಒಮ್ಮೆ ಒತ್ತಡ ಇಳಿಸಿಕೊಂಡು ಬಂದದ್ದು. ಎರಡು ರೆಗ್ಯುಲೇಟರುಗಳು ಹೀಗೆ ಒಂದರ ಹಿಂದೆ ಒಂದಾಗಿ ಕುಳಿತಾಗ ಎರಡನೆಯದಕ್ಕೆ ಕೆಲಸ ಮಾಡಲು ಬೇಕಾದ ಒತ್ತಡವೇ ಸಿಗದೆ ಉರಿ ಮಿಣಕು ದೀಪದಂತಾಗುತ್ತದೆ. ಅಂಥ ಗ್ರಿಲ್ ಕೊಳ್ಳುವವರು ಕಡಿಮೆ ಒತ್ತಡದ ನೇರ ಜೋಡಣೆಗೆ ತಯಾರಕರೇ ಕೊಡುವ ಬಿಡಿಭಾಗ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಇನ್ನು ಅಲ್ಲಿನ ತಿರುಪು ನಮ್ಮ ಸಿಲಿಂಡರಿನ ಬಾಯಿಗೆ ಹತ್ತುವುದಿಲ್ಲ. ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ತುಂಡೊಂದನ್ನು ಕೊರೆಸಿ ಕೂಡಿಸುವ ಜಾಣ್ಮೆ ನಮ್ಮ ಕಡೆ ಧಾರಾಳವಾಗಿದ್ದರೂ ಈ ಒಂದು ಕೆಲಸಕ್ಕೆ ಅದನ್ನು ಬಳಸಬಾರದು. ಹೊರದೇಶದ ಗ್ರಿಲ್ಲಿನ ಮೋಹ ತೀವ್ರವಾಗಿಲ್ಲದಿದ್ದರೆ 30 ಮಿಲಿಬಾರಿಗೆ ಮಾಡಿದ, ಐಎಸ್ 4246ರ ಐಎಸ್‌ಐ ಗುರುತಿರುವ ಒಲೆಯನ್ನು ಕೊಂಡು ಇಡೀ ಗೋಜಲಿನಿಂದ ಪಾರಾಗಬಹುದು.

ಸಿಲಿಂಡರಿನ ವಿಷಯದಲ್ಲಿ ಮನೆಯ 14.2 ಕಿಲೋದ ಸಿಲಿಂಡರನ್ನೇ ವ್ಯಾನಿಗೆ ಏರಿಸುವ ಅಭ್ಯಾಸ ಸರಿಯಲ್ಲ. ಮನೆಬಳಕೆಯ ಸಂಪರ್ಕಕ್ಕೆ ಕೊಟ್ಟದ್ದನ್ನು ಬೇರೆ ಉದ್ದೇಶಕ್ಕೆ ಬಳಸುವುದು 2000ದ ಎಲ್‌ಪಿಜಿ ಪೂರೈಕೆ ಆದೇಶಕ್ಕೆ ವಿರುದ್ಧ, ಮತ್ತು ಅದರ ಒಟ್ಟು ತೂಕ ಮೂವತ್ತು ಕಿಲೋದ ಹತ್ತಿರ. ಇಂಡಿಯನ್ ಆಯಿಲ್ ಛೋಟು ಎಂಬ ಹೆಸರಿನಲ್ಲಿ ಮಾರುವ, ಉಳಿದ ಕಂಪನಿಗಳೂ ತಮ್ಮ ಹೆಸರಿನಲ್ಲಿ ಕೊಡುವ ಐದು ಕಿಲೋದ ಮುಕ್ತ ಮಾರಾಟದ ಸಿಲಿಂಡರನ್ನು ವಿಳಾಸದ ಪುರಾವೆ ಇಲ್ಲದೆ, ಗುರುತಿನ ಚೀಟಿಯೊಂದನ್ನು ತೋರಿಸಿ ವಿತರಕರಲ್ಲಿ ಪಡೆಯಬಹುದು. ಒಟ್ಟು ಐದು ಕಿಲೋವ್ಯಾಟಿನ ಎರಡು ಬರ್ನರ್‌ಗಳನ್ನು ಪೂರ್ತಿ ಉರಿಯಲ್ಲಿ ಹಚ್ಚಿಟ್ಟರೂ ಅದು ಹನ್ನೆರಡು ಗಂಟೆಗಿಂತ ಹೆಚ್ಚು ಬಾಳುತ್ತದೆ. ಕೊಳ್ಳುವಾಗ ಅದರ ಬಾಯಿಗೆ ಹೊಂದುವ ರೆಗ್ಯುಲೇಟರನ್ನು ಅಲ್ಲಿಯೇ ಹಾಕಿಸಿ ನೋಡಿಕೊಳ್ಳಬೇಕು. ಸಿಲಿಂಡರಿನ ಕೊರಳಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದೂ ಎರಡಂಕಿಯ ಇಸವಿಯೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಅದು ಮುಂದಿನ ಪರೀಕ್ಷೆಯ ಗಡುವು. ಗಡುವು ದಾಟಿದ್ದನ್ನು ಹಿಂದಿರುಗಿಸಬೇಕು. ಬೀದಿಯಲ್ಲಿ ದೊಡ್ಡ ಸಿಲಿಂಡರಿನಿಂದ ಗುರುತಿಲ್ಲದ ಚಿಕ್ಕ ಸಿಲಿಂಡರಿಗೆ ತುಂಬಿಕೊಡುವವರ ಹತ್ತಿರ ಹೋಗಲೇಬಾರದು, ಏಕೆಂದರೆ ದ್ರವ ಬಿಸಿಯಾದಾಗ ಹಿಗ್ಗಲು ಸಿಲಿಂಡರಿನಲ್ಲಿ ಐದನೆಯ ಒಂದು ಭಾಗದಷ್ಟಾದರೂ ಖಾಲಿ ಇರಬೇಕು, ಕಣ್ಣಳತೆಯಲ್ಲಿ ತುಂಬಿದ್ದರಲ್ಲಿ ಅದು ಉಳಿದಿದೆಯೆಂದು ಯಾರೂ ಹೇಳಲಾರರು.

ಸೂಟ್‌ಕೇಸಿನಂತೆ ಮಡಚುವ, ಪಕ್ಕದಲ್ಲಿ ಬ್ಯೂಟೇನ್ ಡಬ್ಬಿ ಮಲಗಿಸುವ ಒಲೆಗಳು ಅಗ್ಗ ಮತ್ತು ಹಗುರ. 2.3 ಕಿಲೋವ್ಯಾಟಿನ ಅಂಥ ಒಲೆಗೆ 220 ಗ್ರಾಂ ಡಬ್ಬಿ ಸುಮಾರು ಒಂದೂಕಾಲು ಗಂಟೆ ಬರುತ್ತದೆ. ದ್ರವ ಅನಿಲವಾಗುವಾಗ ತನ್ನ ಡಬ್ಬಿಯ ಶಾಖವನ್ನೇ ಹೀರುವುದರಿಂದ ಡಿಸೆಂಬರಿನ ಬೆಳಗಿನಲ್ಲಿ ಡಬ್ಬಿ ಬೆವರಿ ತಣ್ಣಗಾಗಿ, ಕೊನೆಯ ಕಾಲುಭಾಗದಲ್ಲಿ ಉರಿ ಸೊರಗುತ್ತದೆ. ಅದನ್ನು ಸಹಿಸಿಕೊಳ್ಳಬಹುದು. ಸಹಿಸಬಾರದ ಸಂಗತಿ ಬೇರೊಂದಿದೆ: ಇದರ ಮೇಲೆ ಅಗಲವಾದ ಕಾವಲಿ ಇಡುವುದು. ಕಾವಲಿಯ ಅಂಚು ಡಬ್ಬಿಯ ಕೋಣೆಯ ಮೇಲಕ್ಕೆ ಚಾಚಿದರೆ ಕಬ್ಬಿಣದ ಶಾಖ ಕೆಳಕ್ಕೆ ಸೂಸಿ ಡಬ್ಬಿಯೊಳಗಿನ ಒತ್ತಡ ಏರುತ್ತದೆ, ಡಬ್ಬಿ ಸಿಡಿಯಬಹುದು. ಎರಡು ಒಲೆಗಳನ್ನು ಜೋಡಿಸಿ ಒಂದೇ ಉದ್ದ ಕಾವಲಿ ಹಾಸುವುದು ಇನ್ನೂ ಅಪಾಯಕರ. ಒತ್ತಡ ಏರಿದಾಗ ಡಬ್ಬಿಯನ್ನು ತಾನೇ ಕಳಚುವ ಯಂತ್ರಾಂಗ ಒಳ್ಳೆಯ ಒಲೆಗಳಲ್ಲಿರುತ್ತದೆ, ಅದು ಕೊನೆಯ ರಕ್ಷಣೆಯೇ ಹೊರತು ಪರವಾನಗಿಯಲ್ಲ. ಆದ್ದರಿಂದ ಬ್ಯೂಟೇನ್ ಒಲೆಯನ್ನು ಚಹಾ, ಉಪ್ಪಿಟ್ಟಿಗೆ ಮೀಸಲಿಟ್ಟು ದೋಸೆಯನ್ನು ಸಿಲಿಂಡರಿನ ಒಲೆಗೆ ಬಿಡಬೇಕು. ಡಬ್ಬಿಗಳ ಮೇಲೆ 50 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ಒಡ್ಡಬಾರದೆಂದು ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಆ ಮಿತಿ ದಾಟುವುದು ಸುಲಭ.

ಎಲ್‌ಪಿಜಿ ಗಾಳಿಗಿಂತ ಭಾರ. ಪ್ರೊಪೇನ್ ಒಂದೂವರೆಪಟ್ಟು, ಬ್ಯೂಟೇನ್ ಎರಡುಪಟ್ಟು. ಸೋರಿದರೆ ಅದು ಕಿಟಕಿಯಿಂದ ಹೊರಹೋಗದೆ ವಾಹನದ ನೆಲದ ಮೇಲೆ ನೀರಿನಂತೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ, ಮತ್ತು ಗಾಳಿಯಲ್ಲಿ ಶೇಕಡಾ ಎರಡರಷ್ಟು ಬೆರೆತರೂ ಕಿಡಿಗೆ ಹೊತ್ತುತ್ತದೆ. ಹಾಗಾಗಿ ಸಿಲಿಂಡರಿನ ಗೂಡಿಗೆ ತಳದಲ್ಲಿಯೇ ಹೊರಕ್ಕೆ ತೆರೆಯುವ ರಂಧ್ರ ಇರಬೇಕು. ಮೇಲ್ಭಾಗದ ಕಿಂಡಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಸಿಲಿಂಡರ್ ಯಾವಾಗಲೂ ನಿಂತೇ ಇರಬೇಕು, ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ವಾಹನ ಓಡುವಾಗ ರೆಗ್ಯುಲೇಟರ್ ಕಳಚಿ ಸುರಕ್ಷತಾ ಮುಚ್ಚಳ ಹಾಕಬೇಕು. ಪೈಪು ಒಳಗೆ ತಂತಿ ಹೆಣೆದ, ಐಎಸ್ 9573ರ ಗುರುತಿರುವ ಸುರಕ್ಷಾ ಪೈಪೇ ಆಗಿರಲಿ. ಐದು ವರ್ಷಕ್ಕೊಮ್ಮೆ ಬದಲಿಸಲಿ. ಪ್ರತಿ ಜೋಡಣೆಯ ನಂತರ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ.

ಎಲ್ಲಿ ಉರಿಸಬಹುದು ಎಂಬುದೂ ಆಯ್ಕೆಯ ಭಾಗವೇ. ಚಿತ್ರದುರ್ಗದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅಲ್ಲಿ ಅಡುಗೆಗೆ ಅವಕಾಶವಿಲ್ಲ. ಜೋಗಿಮಟ್ಟಿಯಾಗಲಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವಾಗಲಿ ವನ್ಯಧಾಮಗಳು. ಕುರುಚಲು ಕಾಡು ಒಣಗಿ ನಿಂತಿರುವ ಬೇಸಿಗೆಯಲ್ಲಿ ಅಲ್ಲಿ ಬೆಂಕಿ ಹಚ್ಚುವುದು ಅಪರಾಧ, ಗ್ಯಾಸಿನ ಉರಿಯೂ ಬೆಂಕಿಯೇ. ಖಾಸಗಿ ತೋಟ, ಅನುಮತಿ ಇರುವ ಶಿಬಿರದ ಜಾಗಗಳಲ್ಲಿ ನೆಲದ ಹುಲ್ಲು ಕೆರೆದು, ತಗ್ಗಾದ ಒಲೆಯ ಕೆಳಗೆ ಕಲ್ಲುಚಪ್ಪಡಿ ಹಾಕಿಕೊಳ್ಳಬೇಕು.

ಪ್ರವಾಸದಿಂದ ಪ್ರವಾಸಕ್ಕೆ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುವ ಒಲೆಯ ಕಾಯಿಲೆಗಳೂ ಬೇರೆ. ಕಬ್ಬಿಣದ ಕಾವಲಿಯನ್ನು ಬಿಸಿ ಇರುವಾಗಲೇ ಕೆರೆದು ಒರೆಸಿ, ತೆಳುವಾಗಿ ಎಣ್ಣೆ ಸವರಿ, ಹೊಗೆ ಏಳುವವರೆಗೆ ಕಾಯಿಸಿ, ಆರಿದ ಮೇಲೆ ಬಟ್ಟೆ ಸುತ್ತಿಟ್ಟರೆ ಮಳೆಗಾಲದಲ್ಲೂ ತುಕ್ಕು ಹಿಡಿಯದು. ಬರ್ನರಿಗೆ ಗಾಳಿ ಬೆರೆಸುವ ಕೊಳವೆಯೊಳಗೆ ಜೇಡ ಬಲೆ ನೇಯ್ದಿರುವುದು, ಕಣಜ ಮಣ್ಣು ಮೆತ್ತಿರುವುದು ಸಾಮಾನ್ಯ. ಆಗ ಅನಿಲ ಮುಂದಕ್ಕೆ ಹೋಗಲಾರದೆ ಕೊಳವೆಯ ಹಿಂಬದಿಯಲ್ಲಿ, ಗುಂಡಿಯ ಹತ್ತಿರವೇ ಹೊತ್ತಿಕೊಳ್ಳುತ್ತದೆ. ಬಹಳ ದಿನಗಳ ನಂತರ ಒಲೆ ಹೊರತೆಗೆದಾಗ ಕೊಳವೆಯೊಳಗೆ ತೆಳು ಬ್ರಷ್ ಆಡಿಸಿ, ಜೆಟ್ಟಿನ ರಂಧ್ರವನ್ನು ಬೆಳಕಿಗೆ ಹಿಡಿದು ನೋಡಿ, ಮನೆಯ ಅಂಗಳದಲ್ಲಿಯೇ ಒಮ್ಮೆ ಹಚ್ಚಿ ಉರಿ ನೀಲಿಯಾಗಿದೆಯೇ ಎಂದು ಪರೀಕ್ಷಿಸಿಕೊಂಡ ಮೇಲಷ್ಟೇ ವಾಹನಕ್ಕೆ ಏರಿಸಬೇಕು. ರಂಧ್ರ ಕಟ್ಟಿದ್ದರೆ ಪಿನ್ನು, ಸೂಜಿ ಹಾಕಿ ತಿವಿಯಬಾರದು. ಹಿತ್ತಾಳೆ ಮೆದುವಾದ್ದರಿಂದ ರಂಧ್ರ ಹಿಗ್ಗಿ ಅನಿಲದ ಅಳತೆಯೇ ಕೆಡುತ್ತದೆ. ಜೆಟ್ಟನ್ನು ಬಿಚ್ಚಿ ಊದಿ ತೆಗೆಯಬೇಕು, ಆಗದಿದ್ದರೆ ಅದೇ ಅಳತೆಯ ಹೊಸದನ್ನು ಹಾಕಿಸಬೇಕು.